ಹದ್ದು ಮೀರಿದ ಹಕ್ಕಿ

ಮಲ್ಲನ್ಸ್ ಫ್ಲಾಟ್ ಊರಿನಲ್ಲಿ ನಿಜ ಹೇಳಿದವರನ್ನು ಯಾರೂ ಬೈಯುವುದಿಲ್ಲ. "ಎಷ್ಟು ಚೆನ್ನಾಗಿ ತಮಾಷೆ ಮಾಡ್ತೀರಪ್ಪ!" ಎಂದು ನಕ್ಕು ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತಾರೆ. ನೋಲೀನ್ ಟಕ್‌ವೆಲ್ ಹನ್ನೊಂದು ವರ್ಷದಿಂದ ಒಂದೇ ನಿಜವನ್ನು ಹೇಳುತ್ತ, ಕೊಬ್ಬರಿ ತುರಿ ಉದುರಿಸಿದ ಆ ಕೇಕನ್ನು ತಿನ್ನುತ್ತ, ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ನಿಜ ಮಾತ್ರ ಹೊಸ್ತಿಲು ದಾಟಿರಲಿಲ್ಲ.

ಟ್ರೆಗೆನ್ನಾ ರೈಫಲ್ ಕಾರ್ಖಾನೆಗೆ ಸೇರಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ಬಯಲಿನ ರೈತರು ಮೊಲ ಹೊಡೆಯಲು ಕೊಳ್ಳುವ ಸಣ್ಣ ಬಂದೂಕುಗಳು ಅಲ್ಲಿ ತಯಾರಾಗುತ್ತಿದ್ದವು. ನಳಿಗೆಗೆ ಒಂದು ಶೆಡ್ಡು, ಬೆರಳಲ್ಲಿ ಎಳೆಯುವ ಕುದುರೆಗೆ ಒಂದು ಶೆಡ್ಡು, ಮರದ ಹಿಡಿಗೆ ಇನ್ನೊಂದು. ಪರೀಕ್ಷೆಗೆಂದು ದಿನವಿಡೀ ಸುರಂಗದೊಳಗೆ ಗುಂಡು ಹಾರಿಸುತ್ತಿದ್ದ ಮರ್ವ್ ಎಂಬ ಹುಡುಗ, "ಕುದುರೆ ಇದ್ರೂ ಓಡಲ್ಲ, ಗುಂಡು ಹಾಕಿದ್ರೂ ತೂರಾಡಲ್ಲ, ಬಂದೂಕಿನಷ್ಟು ಮರ್ಯಾದಸ್ಥರು ಈ ಊರಲ್ಲಿ ಯಾರಿದಾರೆ ಹೇಳು?" ಎಂದು ಅವಳನ್ನು ನಗಿಸಿ ಮದುವೆಯಾದ. ಈಗ ಅವನ ಎರಡು ಕಿವಿಯೂ ಕೇಳುವುದಿಲ್ಲ. ಆ ಸುರಂಗದ ಪಿಂಚಣಿ ಅದು.

ನೋಲೀನ್ ಕೂತದ್ದು ಹಿಡಿಗಳ ಶೆಡ್ಡಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ. ಪ್ರತಿ ಹಿಡಿಯನ್ನೂ ಬೆಳಕಿಗೆ ಹಿಡಿದು, ಬೆರಳು ಆಡಿಸಿ, ಬಿರುಕಿದೆಯೆ, ಗಂಟಿದೆಯೆ ನೋಡಿ, ಸರಿಯಿದ್ದರೆ ತಳಭಾಗದಲ್ಲಿ '೧೭' ಎಂದು ಒತ್ತುವುದು ಅವಳ ಕೆಲಸ. ಹದಿನೇಳು ಅವಳ ಅಂಕಿ. ಅದು ಬಿದ್ದರೆ 'ಇದಕ್ಕೆ ನಾನು ಹೊಣೆ' ಎಂದು ಅರ್ಥ. ಇಪ್ಪತ್ತೈದು ವರ್ಷ ಅವಳು ಆ ಅಂಕಿಯನ್ನು ಕೆಟ್ಟ ಮರದ ಮೇಲೆ ಒಮ್ಮೆಯೂ ಒತ್ತಲಿಲ್ಲ. ಅವಳಿಗೆ ಬೇರೆ ಹೆಮ್ಮೆಗಳು ಹೆಚ್ಚು ಇರಲಿಲ್ಲ. ಮಕ್ಕಳು ಸಾಧಾರಣ, ಅಡುಗೆ ಅದಕ್ಕಿಂತ ಸಾಧಾರಣ. ಈ ಒಂದು ಹೆಮ್ಮೆ ಮಾತ್ರ ಗಟ್ಟಿ ಮರದ್ದು.

ತೊಂದರೆ ಇದ್ದದ್ದು ಮೇಸ್ತ್ರಿ ಗ್ರಿಬಲ್‌ನಿಂದ. ತಿಂಗಳ ಕೊನೆಗೆ ಲೆಕ್ಕ ಕಡಿಮೆ ಬಿದ್ದರೆ ಅವನು ಅವಳು ಬೇಡವೆಂದು ಎತ್ತಿಟ್ಟ ಹಿಡಿಗಳ ಗಂಟಿಗೆ ಪುಟ್ಟಿ ತುಂಬಿಸಿ, ಬಣ್ಣ ಬಳಿಸಿ, ಮತ್ತೆ ತಂದಿಡುತ್ತಿದ್ದ.

"ಹೋಗ್ಲಿ ಬಿಡು ನೋಲೀನ್. ಮೊಲಕ್ಕೇನು ಗೊತ್ತಾಗತ್ತೆ?"

ಎರಡು ಮಕ್ಕಳ ತಾಯಿ, ಕೆಲಸ ಬಿಡುವಂತಿರಲಿಲ್ಲ. ಅಂಕಿಯನ್ನೂ ಕೊಡಲಾರಳು. ಹಾಗಾಗಿ ಅಣ್ಣನ ಚರ್ಮದ ಕೆಲಸದ ಪೆಟ್ಟಿಗೆಯಿಂದ ಒಂದು ಹಕ್ಕಿಯ ಅಚ್ಚು ತಂದಳು. ಗ್ರಿಬಲ್ ಬಲವಂತ ಮಾಡಿದ ಹಿಡಿಗಳ ಮೇಲೆ ಹದಿನೇಳರ ಬದಲು ಹಕ್ಕಿ ಒತ್ತಿದಳು. ಅದು ಗಲಾ, ಬೇಲಿಯ ಮೇಲೆ ಸಾಲಾಗಿ ಕೂತು ಕಿರುಚುವ ಗುಲಾಬಿ ಎದೆಯ ಗಿಳಿ. ಈ ದೇಶದಲ್ಲಿ ಯಾರನ್ನಾದರೂ ಗಲಾ ಎಂದರೆ ಬೆಪ್ಪುತಕ್ಕಡಿ ಎಂದೇ ಅರ್ಥ. ಹಕ್ಕಿ ಬಿದ್ದ ಬಂದೂಕೆಂದರೆ, 'ಇದನ್ನು ಪಾಸು ಮಾಡಿದ್ದು ನಾನಲ್ಲ, ಆ ಗಲಾ.' ಹಿಡಿಗೊಂದು ಹಿಡಿಶಾಪ ಎನ್ನಿ.

ಅಚ್ಚಿನ ಕೊಕ್ಕು ಮಾತ್ರ ಸ್ವಲ್ಪ ಮುರಿದು ಕೊಂಕಾಗಿತ್ತು. ಎಲ್ಲ ಕೊಂಕೂ ಶುರುವಾದದ್ದು ಅಲ್ಲಿಂದ.

ಅವಳು ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಟ್ರೆಗೆನ್ನಾ ಬಂದೂಕು ಸಂಗ್ರಾಹಕರ ಸಂಘ ಹುಟ್ಟಿತು. ಅದರ ಕಾರ್ಯದರ್ಶಿ ಲಯನೆಲ್ ಪ್ರೂವೆಟ್, ನಿವೃತ್ತ ಭೂಗೋಳದ ಮೇಷ್ಟ್ರು. ಬೀರುವಿನಲ್ಲಿ ಬೀಗ ಹಾಕಿದ ನಲವತ್ತು ಮೊಲದ ಬಂದೂಕು ಇಟ್ಟುಕೊಂಡು ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆಯದ ಸಾಧು. ಹಕ್ಕಿ ಗುರುತು ಕಂಡು ಅವನು ಹದಿನಾಲ್ಕು ಪುಟದ ಲೇಖನ ಬರೆದ. ಕೊಂಕು ಕೊಕ್ಕಿನಿಂದಾಗಿ ಅದು ಹದ್ದು ಎಂದು ತೀರ್ಮಾನವಾಯಿತು. ಹದ್ದಿನ ಗುರುತು ಇರುವುದು ಸಾವಿರಕ್ಕೆ ಆರೇ ಬಂದೂಕಿನ ಮೇಲೆ. ಆದ್ದರಿಂದ ಕಾರ್ಖಾನೆಯ ಪರಿಣತರು ಅತ್ಯುತ್ತಮ ಮರವನ್ನು ಆರಿಸಿ, ಗುರಿಕಾರರಿಗೆಂದು ಮೀಸಲಿಟ್ಟವು ಅವು ಎಂಬುದು ಅವನ ಸಿದ್ಧಾಂತ. ಹದ್ದಿದ್ದರೆ ಬೆಲೆ ಮೂರು ಪಟ್ಟು.

ನೋಲೀನ್ ಅಂದೇ ಅವನ ಮನೆಗೆ ಹೋಗಿ ಹೇಳಿದ್ದಳು. ಅವನು ಕಣ್ಣು ತುಂಬಿಕೊಂಡು, "ಎಂಥ ವಿನಯ ನೋಲೀನ್ ನಿಮ್ದು!" ಎಂದಿದ್ದ. ಕೇಕು ಬಂತು.

ಈ ಶರತ್ಕಾಲದಲ್ಲಿ ಹದ್ದಿನ ಮಾತು ಹದ್ದು ಮೀರಿತು. ಕಾರ್ಖಾನೆಗೆ ಎಪ್ಪತ್ತೈದು ತುಂಬುತ್ತಿತ್ತು. ಹೊಸ ಮಾಲೀಕರಿಗೆ ಹಳೆಯ ಹೆಸರು ಬೇಕು, ಸಂಘಕ್ಕೆ ಕಾರ್ಖಾನೆಯ ಹಳೆಯ ದಾಖಲೆ ಪುಸ್ತಕಗಳು ಬೇಕು. ಒಂಬತ್ತು ವರ್ಷ ಲಯನೆಲ್‌ನ ಕಾಗದಗಳಿಗೆ ಉತ್ತರವನ್ನೇ ಬರೆಯದ ಕಾರ್ಖಾನೆ ಈಗ ತಾನಾಗಿ ನಂಟು ಕೇಳಿಕೊಂಡು ಬಂತು. ಹೆಣ್ಣಿನ ಕಡೆಯವರಂತೆ ಲಯನೆಲ್, ಗಂಡಿನ ಕಡೆಯವರಂತೆ ಕಾರ್ಖಾನೆಯ ಮಾರಾಟದ ಮುಖ್ಯಸ್ಥೆ ಟೀಗನ್, ಇಬ್ಬರೂ ನೋಲೀನ್‌ಳ ಅಡುಗೆಮನೆಯಲ್ಲಿ ಬಂದು ಕೂತರು.

"ಇನ್ನೂರು ಬಂದೂಕು, ನೋಲೀನ್," ಎಂದಳು ಟೀಗನ್. "ಹದ್ದಿನ ಆವೃತ್ತಿ. ಪ್ರತಿಯೊಂದರ ಮೇಲೂ ಹದ್ದು, ಜೊತೆಗೊಂದು ಪ್ರಮಾಣಪತ್ರ. 'ಅತ್ಯುತ್ತಮ ಹಿಡಿಗಳನ್ನು ಆರಿಸಿ ಹದ್ದು ಒತ್ತುತ್ತಿದ್ದ ಕೈ ಇದೇ' ಅಂತ ಕೆಳಗೆ ನಿಮ್ಮ ಸಹಿ. ಅದ್ಭುತ ಅಲ್ವಾ?"

"ಅದು ಹದ್ದಲ್ಲ."

"ಶುರುವಾಯ್ತು!" ಎಂದು ಲಯನೆಲ್ ಟೀಗನ್‌ಗೆ ಕಣ್ಣು ಮಿಟುಕಿಸಿದ. "ಹೇಳಿದ್ನಲ್ಲ, ಭಾರಿ ತಮಾಷೆಯವರು."

"ಲಯನೆಲ್, ನೀನು ಚಡ್ಡಿಲಿದ್ದಾಗ್ಲಿಂದ ನೋಡಿದೀನಿ, ನಿನ್ ಜೊತೆ ಯಾವತ್ತಾದ್ರೂ ತಮಾಷೆ ಮಾಡಿದೀನಾ? ಅವು ಕೆಟ್ಟ ಹಿಡಿಗಳು ಕಣಯ್ಯಾ. ಗಂಟು, ಬಿರುಕು, ಪುಟ್ಟಿ. ನಾನು ಬೇಡ ಅಂದಿದ್ದು."

"ನಿಮ್ಮ ಮಟ್ಟಕ್ಕೆ ಕೆಟ್ಟವು ಅಂದ್ರೆ ಬೇರೆಯವರಿಗೆ—"

"ಬೇರೆಯವರಿಗೂ ಕೆಟ್ಟವೇ!" ಎಂದು ಅವಳು ಟೀ ಕಪ್ಪು ಕುಕ್ಕಿದಳು. "ಮರ್ವ್! ಹೇಳು ಇವರಿಗೆ. ಹದ್ದಂತೆ, ಹದ್ದು!"

ಮರ್ವ್ ಪೇಪರಿನಿಂದ ತಲೆಯೆತ್ತಿದ. "ಮದ್ದಾ? ಬೆಳಿಗ್ಗೇನೇ ತಗೊಂಡೆ."

ಬಂದೂಕಿನ ಮನೆಯಲ್ಲಿ ಮದ್ದೇ ಸಾಕ್ಷಿ ಹೇಳಿದ ಮೇಲೆ ಇನ್ನೇನಿದೆ? ಅತಿಥಿಗಳು ಸಂತೋಷವಾಗಿ ಎದ್ದರು. ಪ್ರಮಾಣಪತ್ರದ ಕಟ್ಟನ್ನು ಟೀಗನ್ ಹಣ್ಣಿನ ಬುಟ್ಟಿಯ ಪಕ್ಕ ಇಟ್ಟು ಹೋದಳು. ನೋಲೀನ್ ಅದರತ್ತ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಸಹಿ ಹಾಕಿದರೆ, ಇಪ್ಪತ್ತೈದು ವರ್ಷ ಯಾವುದಕ್ಕೆ ತಾನು ಹೊಣೆಯಲ್ಲ ಎಂದಿದ್ದಳೋ ಅದಕ್ಕೇ ಈಗ ಇನ್ನೂರು ಸಲ ಹೊಣೆಯಾದಂತೆ. ಹಾಕದೆ ಸುಮ್ಮನಿದ್ದರೂ ಹದ್ದು ಹದ್ದಾಗಿಯೇ ಹಾರುತ್ತದೆ. ಗ್ರಿಬಲ್ ಸತ್ತು ಎಷ್ಟೋ ವರ್ಷವಾದ ಮೇಲೆ ಗೆಲ್ಲುತ್ತಿದ್ದ.

ಸಂಘದ ವಾರ್ಷಿಕ ಪ್ರದರ್ಶನ ಶನಿವಾರ ಬೆಳಿಗ್ಗೆ, ಬೌಲಿಂಗ್ ಕ್ಲಬ್ಬಿನ ಹಾಲಿನಲ್ಲಿ. ಹಸಿರು ಬಟ್ಟೆ ಹಾಸಿದ ಮೇಜುಗಳ ಮೇಲೆ ಬಂದೂಕುಗಳು ಮಲಗಿದ್ದವು. ಅವುಗಳ ಸುತ್ತ ಬಿಳಿ ಹತ್ತಿಯ ಕೈಗವಸು ತೊಟ್ಟ ಗಂಡಸರು, ಬಾಣಂತಿ ಕೋಣೆಗೆ ಬಂದವರಂತೆ ಪಿಸುಗುಟ್ಟುತ್ತ ಓಡಾಡುತ್ತಿದ್ದರು. ಲಯನೆಲ್ ವೇದಿಕೆಯ ಮೇಲೆ ಹದ್ದಿನ ಗುರುತಿನ ಒಂದು ಬಂದೂಕನ್ನು ಸಂಘದ ಕಾಣಿಕೆಯೆಂದು ಕಾರ್ಖಾನೆಗೆ ಅರ್ಪಿಸಿದ. ಅದನ್ನು ಟೀಗನ್ ಕೈಗೆ ಕೊಡುವ ಗೌರವ ನೋಲೀನ್‌ಳದು.

ಅವಳು ಬಂದೂಕನ್ನು ತೆಗೆದುಕೊಂಡಳು. ಕೈಗವಸು ಬೇಡವೆಂದಳು. ಬೆರಳು ಹಿಡಿಯ ಮೇಲೆ ಆಡಿ, ಭುಜಕ್ಕೆ ಆನಿಸುವ ಕೊನೆಯ ಹತ್ತಿರ ನಿಂತಿತು. ಅಲ್ಲಿ ಒಂದು ಉಕ್ಕಿನ ತಗಡು, ತಗಡಿಗೆ ಎರಡು ಸ್ಕ್ರೂ. ಇಷ್ಟು ವರ್ಷ ಮರೆತೇ ಹೋಗಿದ್ದ ಏನೋ ಅವಳಿಗೆ ಹೊಳೆಯಿತು.

"ಟೀಗನ್, ಈಗ ಇದು ಸಂಘದ್ದಾ, ನಿಮ್ದಾ?"

"ನಮ್ದು! ಅದ್ಭುತ!"

"ಹಾಗಾದ್ರೆ ಒಂದು ಸ್ಕ್ರೂಡ್ರೈವರ್ ಕೊಡಿ."

ಹಾಲಿನಲ್ಲಿ ಯಾರೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಸಂಗ್ರಾಹಕರಿಗೆ ಸ್ಕ್ರೂ ಎಂದರೆ ಮಡಿ. ಕಾರ್ಖಾನೆ ಬಿಟ್ಟಾಗಿನಿಂದ ಒಮ್ಮೆಯೂ ತಿರುಗದ ಸ್ಕ್ರೂ, ಗೀರು ಬೀಳದ ಸೀಳು, ಇದಕ್ಕಾಗಿಯೇ ಅವರು ದುಡ್ಡು ಕೊಡುವುದು. ಭೂತಗನ್ನಡಿ ಹಿಡಿದು ಮೊದಲು ನೋಡುವುದೂ ಅದನ್ನೇ. ಹೊರಗಿನ ಒಂದೊಂದು ಕೂದಲೆಳೆಯ ಬಗ್ಗೆ ಹದಿನಾಲ್ಕು ಪುಟ ಬರೆದವರು ಒಳಗೆ ಏನಿದೆ ಎಂದು ಒಮ್ಮೆಯೂ ಇಣುಕಿರಲಿಲ್ಲ.

"ನೋಲೀನ್, ಬೇಡ," ಎಂದ ಲಯನೆಲ್, ಮುಖ ಬಿಳಿಚಿ. "ಆ ಸ್ಕ್ರೂ ಯಾವತ್ತೂ ತಿರುಗಿಲ್ಲ!"

"ನಂಗೊತ್ತು. ಕೊನೇಲಿ ಅದನ್ನ ಮುಟ್ಟಿದ್ದು ನಮ್ಮ ಶೆಡ್ಡಿನವರೇ."

"ಅದರ ಪಾವಿತ್ರ್ಯ—"

"ಅದು ಮೊಲ ಹೊಡೆಯೋ ಬಂದೂಕು ಲಯನೆಲ್, ಮದುವಣಗಿತ್ತಿ ಅಲ್ಲ."

ಸ್ಕ್ರೂಡ್ರೈವರ್ ಕೊಟ್ಟವಳು ಟೀಗನ್. ಕಾರ್ಖಾನೆಯ ಮೇಜಿನ ಕೆಳಗಿದ್ದ ಡಬ್ಬದಿಂದ ತೆಗೆದು, ಸಾರು ಬಡಿಸಲು ಸೌಟು ಕೊಟ್ಟಷ್ಟು ಸರಾಗವಾಗಿ ಕೊಟ್ಟಳು. ಸ್ಕ್ರೂ ಕಿರುಗುಟ್ಟಿತು. ಮುಂದಿನ ಸಾಲಿನ ಇಬ್ಬರು ಕಣ್ಣು ಮುಚ್ಚಿಕೊಂಡರು. ತಗಡು ಕಳಚಿ ಬಂತು, ಕೆಳಗೆ ಬಣ್ಣ ಕಾಣದ ಬರಿ ಮರ, ಮರದ ಮೇಲೆ ಪೆನ್ಸಿಲಿನ ಬರಹ. ನೋಲೀನ್ ಓದಲಿಲ್ಲ, ಮೈಕಿನ ಮುಂದೆ ಟೀಗನ್‌ಗೆ ಹಿಡಿದಳು.

"ಓದಮ್ಮ. ಜೋರಾಗಿ."

ಟೀಗನ್ ಓದಿದಳು: "'ಗಂಟು ಇದೆ. ಪುಟ್ಟಿ ಮೆತ್ತಿದಾರೆ. ಬೇಡ ಅಂದೆ. ಗ್ರಿಬಲ್ ಪಾಸು ಮಾಡಿದ. ಅವನೊಬ್ಬ ಗಲಾ. ನೋಲೀನ್, ೧೭.'"

ಎಲ್ಲರೂ ಕತ್ತು ಚಾಚಿ ಬರಹವನ್ನು ನೋಡಿದರು. ಹನ್ನೊಂದು ವರ್ಷದ ಮೇಲೆ ಕೊನೆಗೂ, ಎಂದುಕೊಂಡಳು ನೋಲೀನ್. ಎದೆ ಹಗುರಾಯಿತು. ಆ ಹಗುರ ಸುಮಾರು ನಾಲ್ಕು ಸೆಕೆಂಡು ಬಾಳಿತು.

"ಪೆನ್ಸಿಲ್ ಬರಹ!" ಎಂದು ಲಯನೆಲ್ ಕಿರುಚಿದ. "ಸಹಿ ಸಮೇತ! ಇದು ಹೊಸ ಉಪಜಾತಿ!"

ಮರುಕ್ಷಣ ಹಾಲಿನ ತುಂಬ ಸ್ಕ್ರೂಡ್ರೈವರ್‌ಗೆ ಗಲಾಟೆ. ಗಲಾ ಇದ್ದಲ್ಲಿ ಗಲಾಟೆ ಇರಲೇಬೇಕಲ್ಲ. ಮಡಿ ಎಲ್ಲ ಮೈಲಿಗೆ ಮಾಡಿಕೊಂಡು, ಬಿಳಿ ಕೈಗವಸಿನವರು ತಂತಮ್ಮ ಬಂದೂಕಿನ ತಗಡು ಕಳಚಲು ನೂಕಾಡಿದರು. "ನಂದ್ರಲ್ಲಿ ಗಲಾ ಎರಡು ಸಲ ಬರೆದಿದೆ!" "ನಂದು ಬರೀ ಬಿರುಕು, ಥೂ!" "ಬಿರುಕಿಗೆ ಪುಟ್ಟಿ ಬದಲಾಯಿಸ್ಕೋತೀಯಾ?" ಬೇಡವೆಂದದ್ದು ಈಗ ಇನ್ನೂ ಬೇಕಾಯಿತು. ನೋಲೀನ್ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಯಾರೋ ಪುಣ್ಯಾತ್ಮ ಬಂದು ಕೇಕು ಕೊಟ್ಟ.

ಕೇಳಿಸಿಕೊಂಡದ್ದು ಒಬ್ಬಳೇ. ಸೋಮವಾರ ಬೆಳಿಗ್ಗೆ ಟೀಗನ್ ಒಂಟಿಯಾಗಿ ಅಡುಗೆಮನೆಗೆ ಬಂದಳು. ಮೊದಲ ಸಲ ಅವಳ ಬಾಯಲ್ಲಿ 'ಅದ್ಭುತ' ಇರಲಿಲ್ಲ.

"ಇನ್ನೂರು ಜನಕ್ಕೆ ಸುಳ್ಳು ಹೇಳಿ ಮಾರೋದ್ರಲ್ಲಿದ್ದೆ," ಎಂದಳು. "ಹದ್ದಿನ ಆವೃತ್ತಿ ಅನ್ನೋ ಹೆಸರನ್ನ ಹೇಗಾದ್ರೂ ಬದಲಾಯಿಸ್ತೀನಿ. ಆದ್ರೆ ನಿಮ್ಮ ಸಹಿ ಇಲ್ದೆ ಸಂಘದವರು ಕೊಳ್ಳಲ್ಲ. ಅವರು ಕೊಳ್ಳದಿದ್ರೆ ಮಾಲೀಕರು ಇದನ್ನೆಲ್ಲ ಕೈಬಿಡ್ತಾರೆ. ನೀವು ಯಾವುದಕ್ಕೆ ಸಹಿ ಹಾಕ್ತೀರಿ?"

"ನಾನು ನೋಡಿ ಒಪ್ಪಿದ್ದಕ್ಕೆ. ಹಕ್ಕಿ ಇಲ್ಲ. ಹದಿನೇಳು."

"ಇನ್ನೂರನ್ನೂ ನೋಡ್ತೀರಾ?"

"ನಂಗಿನ್ನೇನು ಕೆಲಸ? ಮರ್ವ್‌ಗೆ ಕೇಳಿಸಲ್ಲ, ನಿಮಗೆ ಅರ್ಥ ಆಗಲ್ಲ. ಮರ ಒಂದೇ ನನ್ನ ಜೊತೆ ನೆಟ್ಟಗೆ ಮಾತಾಡೋದು." ಸ್ವಲ್ಪ ಯೋಚಿಸಿ ಸೇರಿಸಿದಳು: "ಇನ್ನೊಂದು. ನಾನು ಬೇಡ ಅಂದಿದ್ದನ್ನ ನನ್ನ ಕಣ್ಮುಂದೆ ಗರಗಸಕ್ಕೆ ಹಾಕ್ಬೇಕು. ಎರಡು ತುಂಡು. ಎತ್ತಿಟ್ರೆ ಏನಾಗತ್ತೆ ಅಂತ ನೋಡಿಯಾಯ್ತಲ್ಲ."

ಮೂರು ವಾರ ಅವಳು ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ಹೋದಳು. ಕಿಟಕಿಯ ಪಕ್ಕ ಮೇಜು ಹಾಕಿಸಿಕೊಟ್ಟಿದ್ದರು. ಕನ್ನಡಕ ಎರಡು ಪಟ್ಟು ದಪ್ಪವಾಗಿತ್ತು, ಬೆರಳು ಹಾಗೇ ಇತ್ತು. ಮೊದಲ ದಿನವೇ ಒಂಬತ್ತು ಹಿಡಿ ಬೇಡ ಎಂದಳು; ಗ್ರಿಬಲ್ ಹೋದರೂ ಗಂಟಿಗೆ ಪುಟ್ಟಿ ಮೆತ್ತುವ ಚಾಳಿ ಹೋಗಿರಲಿಲ್ಲ. ಎರಡನೇ ವಾರ ಉತ್ಪಾದನೆಯ ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಬಂದ.

"ಟೀಗನ್, ಈಯಮ್ಮ ಮೂವತ್ತೆಂಟು ಬೇಡ ಅಂದಿದಾರೆ! ಕೊಳ್ಳೋರು ಇದನ್ನ ಬೀರುವಿನಿಂದ ಆಚೆ ತೆಗಿಯೋದೂ ಇಲ್ಲ. ಒಂದೆರಡು—"

ನೋಲೀನ್ ತಲೆಯೆತ್ತಲಿಲ್ಲ, ಆದರೆ ಕೈ ನಿಂತಿತು. ಟೀಗನ್ ಅವಳನ್ನೂ ನೋಡಿದಳು, ಹಿಡಿಗಳ ರಾಶಿಯನ್ನೂ ನೋಡಿದಳು.

"ಮೂವತ್ತೆಂಟು ಹೊಸದು ಕಡಿಸಿ," ಎಂದಳು.

ಬೆರಳು ಮತ್ತೆ ಓಡತೊಡಗಿತು.

ಗರಗಸದ ದಿನ ಲಯನೆಲ್ ಬಂದ. ದಾಖಲೆ ಪುಸ್ತಕಗಳನ್ನು ಕಾರ್ಖಾನೆ ಸಂಘಕ್ಕೆ ಓದಲು ಕೊಟ್ಟಿತ್ತು. ಅದರ ಖುಷಿಗೆ ಒಳ್ಳೆಯ ಕೋಟು ಹಾಕಿದ್ದ. ಬೇಡವೆಂದ ಹಿಡಿಗಳ ರಾಶಿ ಕಂಡದ್ದೇ ಖುಷಿ ಕರಗಿತು. ಒಂದನ್ನು ಎತ್ತಿ ಎದೆಗವಚಿಕೊಂಡ.

"ನೋಲೀನ್, ಒಂದೇ ಒಂದು. ಸಂಘದ ನೆನಪಿಗೆ. ನೀವು ನಿಮ್ಮ ಕೈಯಾರೆ ಬೇಡ ಅಂದಿದ್ದು, ಯೋಚನೆ ಮಾಡಿ, ಪ್ರಪಂಚದಲ್ಲಿ ಮೂವತ್ತೆಂಟೇ!"

"ಪ್ರಪಂಚದಲ್ಲಿ ಒಂದೂ ಇರಲ್ಲ. ತಾ ಇಲ್ಲಿ."

"ನಾನು ಯಾರಿಗೂ ತೋರ್ಸಲ್ಲ."

"ನೀನು ಹದಿನಾಲ್ಕು ಪುಟ ಬರೀತೀಯ." ಅವಳಿಗೆ ಕೂಗುವಷ್ಟು ಉಸಿರೂ ಉಳಿದಿರಲಿಲ್ಲ. "ಲಯನೆಲ್, ನೀನು ಒಳ್ಳೇ ಹುಡುಗ. ಇದನ್ನ ಗರಗಸದ ಕೆಳಗೆ ಯಾರಾದ್ರೂ ಹಿಡ್ಕೋಬೇಕು, ನನ್ನ ತೋಳಲ್ಲಿ ಅಷ್ಟು ಬಲ ಇಲ್ಲ. ನೀನೇ ಹಿಡ್ಕೋ."

"ನಂಗೆ ನೋಡಕ್ಕಾಗಲ್ಲ."

"ನೋಡ್ಬೇಡ. ಅಲ್ಲಾಡಿಸ್ದೆ ಹಿಡ್ಕೋ, ಸಾಕು."

ಅವನು ಮುಖ ತಿರುಗಿಸಿ, ಕಣ್ಣು ಮುಚ್ಚಿ ಹಿಡಿದ. ಗರಗಸ ಮರ ಮುಟ್ಟಿ ಕಿರುಚಿತು. ಅರ್ಧ ಕುಯ್ಯುವಷ್ಟರಲ್ಲಿ ಗಂಟು ತಾನಾಗಿ ಸಡಿಲಿ, ಒಳಗಿನ ಪುಟ್ಟಿ ಉಂಡೆಯಂತೆ ಟಪ್ಪನೆ ಅವನ ಬೂಟಿನ ಮೇಲೆ ಬಿತ್ತು. ಲಯನೆಲ್ ಕಣ್ಣು ತೆರೆದ. ಉಂಡೆಯನ್ನು ನೋಡಿದ, ಬೆರಳು ತೂರುವಷ್ಟು ದೊಡ್ಡ ತೂತನ್ನು ನೋಡಿದ.

"ಇದು ನಿಜವಾಗ್ಲೂ ಕೆಟ್ಟದಾಗಿದೆ ನೋಲೀನ್," ಎಂದ, ಸಣ್ಣ ದನಿಯಲ್ಲಿ.

ನೋಲೀನ್‌ಗೆ ಆ ಪುಟ್ಟಿಯ ಉಂಡೆಯನ್ನು ಅವನ ಹಣೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ.

"ಮುಂದಿನದು ಕೊಡು," ಎಂದಳು.