ಒರ್ಷೊಯಾಳ ಎರಡು ಬೆರಳು

ಹಂಗೇರಿಯ ಮಾಕೋ ಊರಿನ ನಮ್ಮ ಬೀದಿಯಲ್ಲಿ ಒರ್ಷೊಯಾಳಷ್ಟು ನಡೆಯುವವರು ಬೇರೆ ಯಾರೂ ಇಲ್ಲ. ಅದೂ ತನ್ನ ಕೋಣೆಯೊಳಗೇ. ಚಿತ್ರದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಕಿಟಕಿಗೆ, ಮತ್ತೆ ಚಿತ್ರಕ್ಕೆ. ಅವಳಪ್ಪ ಈರುಳ್ಳಿ ಒಣಗಿಸುತ್ತಿದ್ದ ಕೊಟ್ಟಿಗೆ ಅದು. ಈಗ ಅಲ್ಲಿ ಬಣ್ಣ ಕಲಸುವ ಅಗಸೆ ಎಣ್ಣೆಯ ವಾಸನೆ.

ಮೊದಲು ಅವಳು ಹಳಬರಂತೆ ಎಣ್ಣೆಬಣ್ಣದಲ್ಲಿ ಮುಖ ಬರೆಯುತ್ತಾಳೆ. ಅದರ ಫೋಟೊ ತೆಗೆದು, ಪರದೆಯ ಮೇಲೆ ಬೆಳಕು, ಬಣ್ಣ, ನೆರಳನ್ನೆಲ್ಲ ಬದಲಿಸುತ್ತಾಳೆ. ಒಪ್ಪಿಗೆಯಾದದ್ದನ್ನು ಕ್ಯಾನ್ವಾಸಿಗೆ ಅಚ್ಚು ಹಾಕಿಸಿ ಅದರ ಮೇಲೆ ಮತ್ತೆ ಕುಂಚ ಆಡಿಸುತ್ತಾಳೆ. ಪರದೆಯ ಮೇಲೆ ತಪ್ಪಿದರೆ ಚಿಂತೆಯಿಲ್ಲ, ಎರಡು ಬೆರಳಿಂದ ತಟ್ಟಿದರೆ ಕೊನೆಯ ಗೆರೆ ಅಳಿಸಿಹೋಗುತ್ತದೆ. ಆ ಸುಖವೇ ಅವಳಿಗೆ ಮುಳುವಾಗಿತ್ತು. ಯಾವ ಚಿತ್ರವೂ ಮುಗಿಯುತ್ತಿರಲಿಲ್ಲ. ಊರಿನ ಸಭಾಭವನದವರು ಪ್ರದರ್ಶನಕ್ಕೆ ಗೋಡೆ ಬಿಟ್ಟುಕೊಟ್ಟಾಗಲೆಲ್ಲ ಆ ಗೋಡೆ ಬೋಳಾಗಿಯೇ ಉಳಿದಿತ್ತು. ಈ ಸಲವೂ ಚಿತ್ರ ಹೋಗದಿದ್ದರೆ ಇನ್ನೆಂದೂ ಕುಂಚ ಮುಟ್ಟುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದಳು.

ಈ ಸಲ ಬರೆಸಿಕೊಳ್ಳಲು ಕೂತವಳು ಅವಳ ದೊಡ್ಡಮ್ಮ ಪಿರೋಷ್ಕಾ. ಕುರ್ಚಿಯಲ್ಲಿ ಕೂತೇ ಗಸಗಸೆ ತುಂಬಿದ ಸುರುಳಿ ಕೇಕು ತಿನ್ನುವವಳು, ತಿನ್ನುತ್ತಲೇ ಬೈಯುವವಳು. ಪರದೆಯಲ್ಲಿ ತನ್ನ ನೀಲಿ ಮುಖ, ಹಸಿರು ಮುಖಗಳ ಸಾಲು ನೋಡಿ ಒಮ್ಮೆ ಕೇಳಿದ್ದಳು: "ನಮ್ಮಮ್ಮ ಹೆತ್ತಿದ್ದು ಒಬ್ಬಳೇ ಒಬ್ಬಳು ಪಿರೋಷ್ಕಾನ ಕಣೇ. ನೀನ್ಯಾಕೆ ಇಷ್ಟು ಜನ ಮಾಡಿಟ್ಟಿದ್ದೀಯ?"

ಚಿತ್ರವನ್ನು ಸಭಾಭವನಕ್ಕೆ ಒಯ್ಯುವ ದಿನ ನಾನು ವ್ಯಾನು ತಂದು ಬಾಗಿಲಲ್ಲಿ ನಿಂತಿದ್ದೆ. ದೊಡ್ಡಮ್ಮ ಸುರುಳಿ ತಿನ್ನುತ್ತ ಕುರ್ಚಿಯಲ್ಲೇ ಇದ್ದಳು. ಒಂದೇ ನಿಮಿಷ ಎಂದು ಒರ್ಷೊಯಾ ಮತ್ತೆ ಕುಂಚ ಎತ್ತಿಕೊಂಡಳು. ಕೆನ್ನೆಗೆ ಒಂದು ಬೂದು ಗೆರೆ ಎಳೆದಳು. ಅದು ದಪ್ಪಗಾಯಿತು. ತಕ್ಷಣ ಅವಳ ಕೈ ಹಸಿ ಬಣ್ಣದ ಮೇಲೆ ಎರಡು ಬೆರಳಿಂದ ತಟ್ಟಿತು. ತಟ್ಟಿ, ಗೆರೆ ಮಾಯವಾಗಲಿ ಎಂದು ಕಾಯುತ್ತ ನಿಂತಳು.

ಗೆರೆ ಹೋಗಲಿಲ್ಲ. ಕೆನ್ನೆಯ ಮೇಲೆ ಎರಡು ಬೆರಳಚ್ಚು ಮೂಡಿದವು.

ಒರ್ಷೊಯಾ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿದಳು. ಕೆನ್ನೆ ಅಷ್ಟನ್ನೂ ಒರೆಸಿ ಮತ್ತೆ ಬರೆಯುತ್ತೇನೆ, ನಾಳೆ ಒಯ್ದರಾಯಿತು ಎಂದಳು. ಆ ನಾಳೆ ಎಂಥದ್ದೆಂದು ನಮಗೆಲ್ಲ ಗೊತ್ತಿತ್ತು.

ದೊಡ್ಡಮ್ಮ ಮಡಿಲ ಪುಡಿ ಕೊಡವಿ ಎದ್ದು ಬಂದಳು. ಚಿತ್ರದ ಮುಂದೆ ಬಗ್ಗಿ ಬೆರಳಚ್ಚು ನೋಡಿದಳು. ಆಮೇಲೆ ಬಟ್ಟೆ ಹಿಡಿದಿದ್ದ ಒರ್ಷೊಯಾಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಬಿಡು, ಒರೆಸಬೇಡ. ಚಿಕ್ಕವಳಿದ್ದಾಗ ನನ್ನ ಕೆನ್ನೆ ಹಿಂಡದೆ ನಿದ್ದೆ ಮಾಡ್ತಿರಲಿಲ್ಲ ನೀನು. ದೊಡ್ಡವಳಾದ ಮೇಲೆ ಮುಟ್ಟೋದು ಬಿಟ್ಟು ಬರೀ ನೋಡ್ತಾನೇ ಇದ್ದೀಯ."

ಒರ್ಷೊಯಾ ಬಟ್ಟೆಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸಿದಳು. ಕೊನೆಗೆ ಕಿಟಕಿಯತ್ತ ತಿರುಗಿ, ಒಯ್ಯಿರಿ ಎಂದಳು.

ಹಸಿ ಚಿತ್ರವನ್ನು ನಾನು ಹುಷಾರಾಗಿ ವ್ಯಾನಿಗೇರಿಸಿದೆ. ಪಕ್ಕದ ಸೀಟು ಹತ್ತಿದ ದೊಡ್ಡಮ್ಮ, ಸಭಾಭವನದಲ್ಲಿ ಮೊಳೆ ಹೊಡೆದು ಚಿತ್ರ ತೂಗುಹಾಕುವವರೆಗೂ ತಾನು ಅಲ್ಲಿಂದ ಕದಲುವುದಿಲ್ಲ ಎಂದಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ವ್ಯಾನಿನ ಕನ್ನಡಿಯಲ್ಲಿ ಒರ್ಷೊಯಾ ಕಂಡಳು. ಬರಿಗಾಲಲ್ಲಿ, ಬಣ್ಣದ ಕೈ ಬೀಸುತ್ತ, ಒಂದೇ ನಿಮಿಷ ಎಂದು ಕೂಗುತ್ತ ನಮ್ಮ ಹಿಂದೆ ಓಡಿ ಬರುತ್ತಿದ್ದಳು. ನನ್ನ ಕಾಲು ತಾನಾಗಿ ಬ್ರೇಕಿನತ್ತ ಹೋಯಿತು.

"ಕನ್ನಡಿ ನೋಡಬೇಡಪ್ಪಾ ದೆಜೋ, ರಸ್ತೆ ನೋಡು," ಎಂದಳು ದೊಡ್ಡಮ್ಮ.