ಮೂವರು ಮಹಾರಾಜರಿಗೆ ಒಬ್ಬನೇ ದ್ವಾರಪಾಲಕ

ಕ್ಯಾಲನೂರಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುವ ಮುನಿಯಲ್ಲಪ್ಪ ಇಪ್ಪತ್ತಾರು ವರ್ಷದಿಂದ ಊರಿನ ನಾಟಕದಲ್ಲಿ ದ್ವಾರಪಾಲಕ. ಆರಡಿ ಆಳು, ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಇಷ್ಟಿದ್ದೂ ಒಂದು ಸಲವಾದರೂ ತಲೆಗೆ ಕಿರೀಟ ಇಟ್ಟವನಲ್ಲ.

ನಮ್ಮ ಕಡೆಯ ನಾಟಕಗಳ ಸಂಗತಿಯೇ ಹಾಗೆ. ರಾಜನ ಪಾತ್ರ ಎಲ್ಲರಿಗೂ ಬೇಕು. ಯಾರ ಮನಸ್ಸು ನೋಯಿಸುವುದು? ಒಬ್ಬ ಮಹಾರಾಜನನ್ನೇ ಮೂರು ಪಾಲು ಮಾಡಿ ಹಂಚಿಬಿಡುತ್ತಾರೆ. ಮೊದಲ ಅಂಕದ ವಿಜಯಕೇತು ಮಹಾರಾಜ ಟೊಮೆಟೊ ಮಂಡಿಯ ಅನಿಲ್‌ಕುಮಾರ್, ಬಡಕಲು. ಎರಡನೇ ಅಂಕದಲ್ಲಿ ಅದೇ ಮಹಾರಾಜನಿಗೆ ಗುಡಾಣದಂಥ ಹೊಟ್ಟೆ ಬಂದಿರುತ್ತದೆ. ಮೂರನೆಯವನಿಗೆ ಕನ್ನಡಕ ತೆಗೆದರೆ ಸಿಂಹಾಸನವೇ ಕಾಣದು. ಅವನೇ ಇವನು ಎಂದು ನೋಡುವವರಿಗೆ ಗೊತ್ತಾಗುವುದು ಮುನಿಯಲ್ಲಪ್ಪನಿಂದ. ಅವನೊಬ್ಬ ಮಾತ್ರ ಬದಲಾಗುವುದಿಲ್ಲ. ಈಟಿಯನ್ನು ನೆಲಕ್ಕೆ ಕುಟ್ಟಿ, ಬಹುಪರಾಕ್ ಕೂಗಿ, ಸೊಂಟ ಬಗ್ಗಿಸಿದನೆಂದರೆ ಒಳಗೆ ಬಂದವನು ಯಾರೇ ಆಗಲಿ, ಜನಕ್ಕೆ ಅವನೇ ರಾಜ. ಈ ದ್ವಾರಪಾಲಕನನ್ನೂ ಪಾಲು ಮಾಡಿ ಎಂದು ಇದುವರೆಗೆ ಯಾರೂ ಕೇಳಿಲ್ಲ.

ನಾಟಕದ ಕೊನೆಗೆ ಒಂದು ಸಣ್ಣ ದೃಶ್ಯವಿದೆ. ಯುದ್ಧದಲ್ಲಿ ಸೋತ ರಾಜ ಕಾಡಿನಲ್ಲಿ ಒಬ್ಬನೇ ನಿಂತು ಮಾತಾಡುತ್ತಾನೆ. ಅಲ್ಲಿ ಅರಮನೆಯಿಲ್ಲ, ಹಾಗಾಗಿ ದ್ವಾರಪಾಲಕನೂ ಇಲ್ಲ. ಅದೊಂದು ತನಗೆ ಸಿಕ್ಕರೆ ಯಾರಿಗೂ ಅಡ್ಡಿಯಿಲ್ಲ ಎಂದು ಮುನಿಯಲ್ಲಪ್ಪ ವರ್ಷಗಟ್ಟಲೆ ಯೋಚಿಸಿದ್ದ. ಈ ವರ್ಷ ಭಜನೆ ಮನೆಯಲ್ಲಿ ತಾಲೀಮು ನಡೆಯುವಾಗ ಹಾರ್ಮೋನಿಯಂ ಮೇಷ್ಟ್ರು ಸುಬ್ಬರಾಯಪ್ಪನವರನ್ನು ಕೇಳಿಯೇಬಿಟ್ಟ.

"ಎಲ್ಲಿ, ಹೇಳು ನೋಡಾಣ" ಎಂದರು ಮೇಷ್ಟ್ರು.

ಹೇಳಿದ. ಒಂದಕ್ಷರ ತಪ್ಪಲಿಲ್ಲ. ಮೇಷ್ಟ್ರ ಬೆರಳುಗಳು ಹಾರ್ಮೋನಿಯಂ ಮನೆಗಳ ಮೇಲೆ ಹಾಗೇ ನಿಂತವು. ಮೂವರು ಮಹಾರಾಜರೂ ನೆಲ ನೋಡುತ್ತಾ ಕೂತರು.

ಮೇಷ್ಟ್ರು ಅವನನ್ನು ಹೊರಗೆ ಹೊಂಗೆಮರದ ಹತ್ತಿರ ಕರೆದುಕೊಂಡು ಹೋದರು. "ಚೆನ್ನಾಗಿ ಮಾಡ್ದೆ ಕಣಯ್ಯ. ಅದೇ ಬಂದಿರೋ ತೊಂದ್ರೆ. ನೀನು ರಾಜ ಆಗ್ಬಿಟ್ರೆ ಆ ಮೂವರನ್ನ ಯಾರು ರಾಜ ಅಂತಾರೆ? ನೀನು ಬಗ್ಗಿದ್ರೇನೇ ಅವ್ರು ರಾಜ್ರು."

"ಒಂದೇ ಒಂದ್ಸಲ, ಮೇಷ್ಟ್ರೇ. ಐವತ್ನಾಕಾಯ್ತು ನಂಗೆ."

"ಬ್ಯಾಡ ಬಿಡು. ನಿನ್ ಜಾಗಕ್ಕೆ ಇನ್ನೊಬ್ಬ ಸಿಕ್ಕಲ್ಲ."

ಹೊಗಳಿ ಹೊಗಳಿ ಕಟ್ಟಿಹಾಕುವುದು ಎಂದರೆ ಇದೇ. ಕೆಟ್ಟದಾಗಿ ಮಾಡಿದ್ದರೆ ಪಾತ್ರ ಕೊಡುತ್ತಿರಲಿಲ್ಲ. ಚೆನ್ನಾಗಿ ಮಾಡಿದ್ದಕ್ಕೂ ಕೊಡಲಿಲ್ಲ. ಮುನಿಯಲ್ಲಪ್ಪ ಮತ್ತೆ ತಾಲೀಮಿಗೆ ಒಳಗೆ ಹೋಗಲಿಲ್ಲ. ಮನೆಗೆ ಬಂದವನೇ ಹೆಂಡತಿ ಭಾರತಮ್ಮನಿಗೆ, "ಈ ಸಲ ನಾನು ವೇಷ ಕಟ್ಟಲ್ಲ. ಜನದ ಮಧ್ಯೆ ಕೂತ್ಕೊಂಡು ನೋಡ್ತೀನಿ. ಗೊತ್ತಾಗ್ಲಿ ಅವ್ರಿಗೆ" ಎಂದ.

"ಹಂಗಾದ್ರೆ ನಾನೂ ಬರ್ತೀನಿ" ಎಂದಳು ಭಾರತಮ್ಮ. "ನಿಮ್ ಪಕ್ಕ ಕೂತು ನಾಟಕ ನೋಡಿದ್ದೇ ಇಲ್ಲ ನಾನು."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೋಲಾರದ ರಂಗಮಂದಿರದಲ್ಲಿ ನಾಟಕ. ಗಂಡಹೆಂಡತಿ ಮೂರನೇ ಸಾಲಿನಲ್ಲಿ ಕೂತರು. ಅನಿಲ್‌ಕುಮಾರ್ ಅರ್ಧ ಬಣ್ಣ ಹಚ್ಚಿಕೊಂಡೇ ಓಡಿಬಂದು, "ಅಣ್ಣಾ, ಕೈ ಮುಗೀತೀನಿ, ಬಾರಣ್ಣ" ಎಂದ. ಕೊನೆ ಗಳಿಗೆಯಲ್ಲಿ ಬಂದೇ ಬರುತ್ತಾನೆಂದು ನಂಬಿ ಬೇರೆ ಯಾರನ್ನೂ ನಾಟಕದವರು ಹುಡುಕಿರಲಿಲ್ಲ. ಮುನಿಯಲ್ಲಪ್ಪ ಜಪ್ಪಯ್ಯ ಎಂದರೂ ಏಳಲಿಲ್ಲ. ಬೆನ್ನನ್ನು ಕುರ್ಚಿಗೆ ಒರಗಿಸಿದಾಗ ಆಹಾ, ಎಷ್ಟು ಹಾಯೆನಿಸಿತು.

ಪರದೆ ಎದ್ದಿತು. ಸಿಂಹಾಸನದ ಪಕ್ಕ ಯಾರೂ ಇಲ್ಲ. ಅನಿಲ್‌ಕುಮಾರ್ ಒಳಗೆ ಬಂದ, ಒಬ್ಬರೂ ಮಾತು ನಿಲ್ಲಿಸಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ಚಿಪ್ಸ್ ಪೊಟ್ಟಣ ಹರಿಯುತ್ತಾ, "ಯಾರೇ ಇವ್ನು, ಮಂತ್ರಿನಾ?" ಎಂದಳು. "ಯಾರೋ ಕಪ್ಪ ಕೊಡಾಕ್ ಬಂದವ್ನೆ" ಎಂದಳು ಜೊತೆಯವಳು. ನಗು ಸಾಲಿನಿಂದ ಸಾಲಿಗೆ ಹರಡಿತು. ಅನಿಲ್‌ಕುಮಾರ್ ಸಿಂಹಾಸನದ ಕಡೆಗೊಮ್ಮೆ, ಬಂದ ದಾರಿಯ ಕಡೆಗೊಮ್ಮೆ ನೋಡಿದ. ಬೆವರು ಬಣ್ಣವನ್ನು ಕಲಸಿಕೊಂಡು ಇಳಿಯಿತು. ಪಾಪ, ಮುಂದೆ ಹೋಗಲೂ ಆಗದೆ ವಾಪಸು ಹೋಗಲೂ ಆಗದೆ ನಿಂತುಬಿಟ್ಟ.

ಇದನ್ನು ನೋಡಬೇಕೆಂದೇ ಬಂದಿದ್ದಲ್ಲವೇ ಮುನಿಯಲ್ಲಪ್ಪ? ಖುಷಿಯಾಗಬೇಕಿತ್ತು. ಆಗಲಿಲ್ಲ. ತುಟಿ ಕಚ್ಚಿಕೊಂಡ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. ಭಾರತಮ್ಮ ಅವನ ತೋಳು ಹಿಡಿದಳು. ಅಷ್ಟರಲ್ಲಿ ಅವನು ಎದ್ದಾಗಿತ್ತು.

"ಬಹುಪರಾಕ್! ಶ್ರೀಮನ್ಮಹಾರಾಜಾಧಿರಾಜ, ವಿಜಯಕೇತು ಮಹಾರಾಜರು ಬಿಜಯಂಗೈಯುತ್ತಿದ್ದಾರೆ! ಬಹುಪರಾಕ್!"

ನಗು ಗಪ್ಪೆಂದು ನಿಂತಿತು. ಕೂಗಿದವನ ಕಡೆಗೆ ಯಾರೂ ತಿರುಗಲಿಲ್ಲ. ಎಲ್ಲರ ಕಣ್ಣೂ ವೇದಿಕೆಯ ಮೇಲೆ ನೆಟ್ಟವು. ಅನಿಲ್‌ಕುಮಾರನ ಬೆನ್ನು ನೆಟ್ಟಗಾಯಿತು. ನಿಂತಲ್ಲಿಂದಲೇ ಸಭೆಯನ್ನೊಮ್ಮೆ ದಿಟ್ಟಿಸಿ ಮೊದಲ ಮಾತು ಶುರುಮಾಡಿದ.

ಮುನಿಯಲ್ಲಪ್ಪನಿಗೆ ತನ್ನ ಗಂಟಲಿನ ಮೇಲೇ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. "ಕೂತ್ಕೊಳ್ರೀ, ಕಾಣ್ಸಲ್ಲ" ಎಂದು ಹಿಂದಿನವರು ಅಂಗಿ ಜಗ್ಗಿದರು. ಭಾರತಮ್ಮ ನಾಚಿಕೆಯಿಂದ ತಲೆ ತಗ್ಗಿಸಿ, "ಕೂತ್ಕೊಳ್ಳಿ, ಎಲ್ರೂ ಬೈತಾವ್ರೆ" ಎಂದು ಬೇಡಿಕೊಂಡಳು.

ಅವನು ಕದಲಲಿಲ್ಲ. "ತಡ್ಕೊಳ್ಳೇ" ಎಂದ ಪಿಸುಮಾತಿನಲ್ಲಿ. "ರಾಜ್ರು ಇನ್ನೂ ಕೂತಿಲ್ಲ."