ಅಕ್ಷತೆಯಲ್ಲಿ ನುಚ್ಚು

ಅಂಗಡಿಯಿಂದ ತಂದ ಅಕ್ಕಿಯನ್ನು ಡಬ್ಬಿಗೆ ಸುರಿಯುವಾಗ ಮೂಗಿಗೆ ಏನೂ ಬಡಿಯಲಿಲ್ಲ. ಧೂಳಿಲ್ಲ, ತೌಡಿನ ವಾಸನೆಯಿಲ್ಲ, ಕಲ್ಲಂತೂ ಇಲ್ಲವೇ ಇಲ್ಲ. ಆದರೂ ನನ್ನ ಬೆರಳು ಸುಮ್ಮನಿರದೆ ಕಾಳುಗಳ ನಡುವೆ ಆಡಿತು. ಇದು ಶಿವನಿ ಊರಿನ ನಮ್ಮ ಸೋದರತ್ತೆ ಹಚ್ಚಿದ ಚಾಳಿ. ಅವರು ಕಲಿಸಿದ್ದು ಬಹಳ, ನಾನು ಕಲಿತದ್ದು ಕಡಿಮೆ. ನಾನು ಆರಿಸಿದ ಅಕ್ಕಿಯ ಅನ್ನವಾದರೆ ಅಪ್ಪ ತುತ್ತನ್ನು ಬೆಳಕಿಗೆ ಹಿಡಿದು ನೋಡಿಯೇ ಬಾಯಿಗಿಡುತ್ತಿದ್ದರು.

ಅತ್ತೆಯ ಮನೆ ರೈಲ್ವೆ ಸ್ಟೇಷನ್ನಿಗೆ ಹತ್ತಿರ. ರೈಲು ಬಂದರೆ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಅತ್ತೆ ಮಾತ್ರ ಮೊರದಿಂದ ಕಣ್ಣೆತ್ತುತ್ತಿರಲಿಲ್ಲ. ಯಾರ ಮನೆಯ ಮದುವೆಯಾದರೂ ಅಕ್ಕಿ ಹಸನು ಮಾಡಲು ಅವರಿಗೇ ಕರೆ. "ಪುಟ್ಟಮ್ಮ ಮುಟ್ಟಿದ ಅಕ್ಕೀಲಿ ಕಲ್ಲೆಲ್ಲಿ ಸಿಗುತ್ತೆ ಬಿಡ್ರೀ" ಎಂದು ಹೆಂಗಸರು ಹೊಗಳುವರು. ನಮಗೂ ಹೆಮ್ಮೆ. ಆರಿಸಿದ್ದನ್ನೇ ಮತ್ತೆ ಮೊರಕ್ಕೆ ಸುರಿದು, ಬೆರಳ ತುದಿ ಕೆಂಪಾದರೂ ಏಳದೆ ಕೂರುವುದನ್ನು ನಾವು ಅಚ್ಚುಕಟ್ಟು ಎಂದುಕೊಂಡಿದ್ದೆವು.

ಈಗ ಅನ್ನಿಸುತ್ತದೆ ನೋಡಿ, ಅತ್ತೆಗೆ ಬೇಸರವಾದಾಗಲೆಲ್ಲ ಅಕ್ಕಿಯಲ್ಲಿ ಕಲ್ಲು ಹೆಚ್ಚಾಗುತ್ತಿತ್ತು. ಮಾವನ ಮೇಲೆ ಸಿಟ್ಟು ಬಂದರೆ ಮೊರ. ನಮ್ಮಜ್ಜಿ ತೀರಿಕೊಂಡಾಗಲೂ ಕಣ್ಣೀರಿಲ್ಲ, ಮೊರ. ಒಮ್ಮೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ಮೆಲ್ಲಗೆ ಹೇಳಿದ್ದರು: "ಸಿಟ್ಟು ಬಂದಾಗ ಕೆಟ್ಟದ್ದು ಅಂದ್ಕೊಂಡ್ಬಿಡ್ತೀನಿ ಕಣೇ. ಅದು ನಿಜ ಆಗ್ಬಿಟ್ರೆ ಅಂತ ಎದೆ ಡವಡವ ಅಂತದೆ. ಒಂದು ಕಾಳೂ ಬಿಡದಂಗೆ ಆರಿಸಿದ್ರೆ ಏನೂ ಆಗಲ್ಲ ಅನ್ಸುತ್ತೆ." ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆಯ ಮುಖ ಸಪ್ಪಗಾದರೆ ಸಾಕು, "ಪಾಪ, ಮನಸ್ಸಿಗೆ ಸಮಾಧಾನ ಆಗ್ಲಿ" ಎಂದು ಮನೆಯವರೇ ಇನ್ನೊಂದಿಷ್ಟು ಅಕ್ಕಿ ಸುರಿದುಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು ಎನ್ನುವುದು ಈಗ ಹೆಚ್ಚು ನೋವು ಕೊಡುತ್ತದೆ.

ಅವರ ಒಬ್ಬಳೇ ಮಗಳು ಗಿರಿಜೆಯ ಮದುವೆ ನಡೆದದ್ದು ತರೀಕೆರೆಯ ಛತ್ರದಲ್ಲಿ. ಅಕ್ಷತೆಯಲ್ಲಿ ಮುರಿದ ಕಾಳು ಇರಬಾರದೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಕೂತು ನೋಡುವವರು ಯಾರೂ ಇಲ್ಲ. ಅತ್ತೆ ನೋಡಿದರು. ಉಗ್ರಾಣದ ಬಾಗಿಲು ಹಾಕಿಕೊಂಡು, ರೇಷ್ಮೆ ಸೀರೆಯಲ್ಲೇ ನುಚ್ಚು ಹೆಕ್ಕುತ್ತ ಕೂತರು. ಹೊರಗೆ ವಾಲಗ ಜೋರಾಯಿತು. ಧಾರೆಗೆ ತಾಯಿ ಬೇಕು. ಅಪ್ಪ ಬಾಗಿಲು ಬಡಿದರು.

"ಅಕ್ಕಾ, ಮುಹೂರ್ತ ಮೀರ್ತಾ ಐತೆ, ಬಾರೇ!"

"ಇನ್ನೊಂಚೂರು ಕಣೋ, ಬತ್ತೀನಿ."

"ಮಗಳಿಗಿಂತ ಅಕ್ಕಿ ಹೆಚ್ಚಾಯ್ತಾ ನಿಂಗೆ?"

"ಅವಳಿಗೋಸ್ಕರಾನೇ ಕಣೋ," ಎಂದರು ಅತ್ತೆ ಒಳಗಿನಿಂದ. "ಒಂದು ನುಚ್ಚು ಅವಳ ತಲೆ ಮೇಲೆ ಬಿದ್ದು, ಏನಾದ್ರೂ ಆಗ್ಬಿಟ್ರೆ?"

ಗಿರಿಜೆಯ ದೊಡ್ಡಪ್ಪ ದೊಡ್ಡಮ್ಮ ನಿಂತು ಧಾರೆ ಎರೆದರು. ಅವಳು ಉಗ್ರಾಣದ ಕಡೆಯೇ ನೋಡುತ್ತಿದ್ದಳು. ಅತ್ತೆ ತಟ್ಟೆ ಹಿಡಿದು ಓಡಿ ಬರುವಷ್ಟರಲ್ಲಿ ಬೇರೆ ಅಕ್ಕಿಯ ಅಕ್ಷತೆ ಬಿದ್ದು ಮುಗಿದಿತ್ತು. ಆಮೇಲೆ ಆ ದಿನದ ಮಾತು ಬಂದರೆ ಅತ್ತೆ ಮೊರ ಹುಡುಕುತ್ತಿದ್ದರು, ಗಿರಿಜೆ ಎದ್ದು ಹೋಗುತ್ತಿದ್ದಳು. ಹಾಗೆಯೇ ಒಂದು ದಿನ ಅತ್ತೆ ಹೋಗಿಬಿಟ್ಟರು.

ಗಿರಿಜೆಗೂ ಅದೇ ಇದೆಯೆಂದು ತಿಳಿದದ್ದು ಈಚೆಗೆ. ಅವಳದು ಗ್ಯಾಸ್ ಒಲೆಯ ಗುಬ್ಬಿ, ಬಾಗಿಲ ಬೀಗ. ಮನಸ್ಸು ಕೆಟ್ಟಾಗೆಲ್ಲ ಎದ್ದು ಹೋಗಿ ಮುಟ್ಟಿ ನೋಡುವುದು. ಡಾಕ್ಟರು ಇದು ಓಸಿಡಿ, ಭಯಕ್ಕೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ ಎಂದರಂತೆ. ಭಯ ಬಂದರೆ ಬರಲಿ, ಏನೂ ಮಾಡದೆ ಅದರ ಜೊತೆ ಕೂರಿ, ತಾನಾಗಿ ಇಳಿಯುತ್ತದೆ ಎಂದು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುತ್ತಿದ್ದಾರೆ. "ನಮ್ಮಮ್ಮಂಗೂ ಇದೇ ಇತ್ತಲ್ವಾ ಅತ್ತಿಗೆ?" ಎಂದು ಅವಳು ಫೋನಿನಲ್ಲಿ ಕೇಳಿದಳು.

ಮೊನ್ನೆ ಕಡೂರಿನಲ್ಲಿ ಅವಳ ಮಗಳ ಮದುವೆ. ಅರಿಸಿನ ಹಾಕಿ ಅಕ್ಷತೆ ಕಲೆಸುವಾಗ ಒಂದು ನುಚ್ಚು ಗಿರಿಜೆಯ ಬೆರಳಿಗೆ ಅಂಟಿತು. ಅವಳ ಮುಖ ಬಿಳಿಚಿಕೊಂಡಿತು. ತೆಗೆದುಬಿಡೋಣವೆಂದು ನಾನು ಕೈ ಚಾಚಿದೆ.

"ಬೇಡ ಅತ್ತಿಗೆ. ಇರ್ಲಿ ಅದು. ನೀವು ಸುಮ್ನೆ ಜೊತೇಲಿ ಕೂತ್ಕೊಳ್ಳಿ."

ಕೂತೆ. ಆಮೇಲೆ ಅವಳಿಗೆ ಅಳು ಬಂತು. "ಅಮ್ಮ ಅವತ್ತು ಉಗ್ರಾಣದಲ್ಲಿ ಒಬ್ಳೇ ಕೂತಿದ್ಲು" ಎಂದಳು. ಅತ್ತು ಮುಗಿದ ಮೇಲೆ ಆ ನುಚ್ಚನ್ನು ತಟ್ಟೆಗೇ ಕೊಡವಿ, ಕಣ್ಣೊರೆಸಿಕೊಂಡು ಧಾರೆಗೆ ಹೋಗಿ ನಿಂತಳು.

ಡಬ್ಬಿಯಿಂದ ಬೆರಳು ತೆಗೆದು ಮುಚ್ಚಳ ಹಾಕಿದೆ. ಎಷ್ಟೊಂದು ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೇನೆ. ಬರಿಗೈಯಲ್ಲಿ ಒಂದು ಸಲವೂ ಕೂತಿರಲಿಲ್ಲ.